ನೀರು, ಕರೆಂಟು, ಮುಸುರೆ

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎರಡು ಬಗೆಯ ಇಂಜಿನಿಯರಿಂಗ್ ವಿಭಾಗಗಳಿರುತ್ತವೆ. ಒಂದು ಪಾಠ ಹೇಳುವಂಥದ್ದು. ಇನ್ನೊಂದು ಆಡಳಿತ ಕಟ್ಟಡದ ಹಿಂದೆ, ಗ್ಯಾರೇಜಿನ ಪಕ್ಕ, ಶೀಟು ಹೊದಿಸಿದ ಸಾಲುಕೋಣೆಗಳಲ್ಲಿ ಇರುವಂಥದ್ದು. ಹಾಸ್ಟೆಲ್ಲಿನ ಪೈಪು ಒಡೆದರೆ, ಬೋರ್‌ವೆಲ್ ಮೋಟರು ಸುಟ್ಟರೆ, ಕುಲಪತಿಗಳ ಮನೆಯ ಮುಂದಿನ ದೀಪ ಹತ್ತದಿದ್ದರೆ ಫೋನು ಬರುವುದು ಈ ಎರಡನೆಯದಕ್ಕೆ. ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಹಾಯಕ ಇಂಜಿನಿಯರಾಗಿ ಸೇರಿ ನಿವೃತ್ತಳಾದದ್ದು ಅಂಥ ಶೀಟಿನ ಕೆಳಗೆ. ಕ್ಯಾಂಪಸ್ಸು ನೆಲದಿಂದ ಎಷ್ಟು ನೀರು ಎಳೆಯುತ್ತದೆ, ಎಷ್ಟು ಕರೆಂಟು ಉರಿಸುತ್ತದೆ, ಎಷ್ಟು ಕಸವನ್ನು ಊರಿನ ಮೇಲೆ ಸುರಿಯುತ್ತದೆ ಎಂಬ ಲೆಕ್ಕ ನಮ್ಮ ರಿಜಿಸ್ಟರುಗಳಲ್ಲಿತ್ತು. ಕೇಳಿಕೊಂಡು ಬಂದವರು ಕಡಿಮೆ.

ಪರಿಸರದ ಪಾಠಕ್ಕೇನೂ ನಮ್ಮಲ್ಲಿ ಬರವಿಲ್ಲ. ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಮುಂದೆ ಯುಜಿಸಿ ಎಲ್ಲ ಪದವಿ ತರಗತಿಗಳಿಗೂ ಆ ವಿಷಯ ತಂದಿತು. ಹಾಗಾಗಿ ಬಿ.ಎ., ಬಿ.ಕಾಂ. ಮಾಡಿದವರೂ ಅಂತರ್ಜಲ, ಜೈವಿಕ ಅನಿಲ, ಸೌರಶಕ್ತಿಯ ಬಗ್ಗೆ ಹತ್ತು ಅಂಕದ ಉತ್ತರ ಬರೆದೇ ಹೊರಬೀಳುತ್ತಾರೆ. ಬರೆಯುವ ಕೋಣೆಯ ಮೇಲಿನ ಟ್ಯಾಂಕು ಅದೇ ಹೊತ್ತಿಗೆ ತುಂಬಿ ಹರಿಯುತ್ತಿರುತ್ತದೆ, ಅಷ್ಟೆ.

ನೀರಿನಿಂದಲೇ ಶುರು ಮಾಡುತ್ತೇನೆ, ನನ್ನ ನೌಕರಿಯ ಬಹುಪಾಲು ಕಳೆದದ್ದು ಅದರಲ್ಲೇ. ಬೋರ್‌ವೆಲ್ಲಿನಿಂದ ಸಂಪಿಗೆ, ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಒಂದೊಂದು ಕಟ್ಟಡದ ತಾರಸಿಗೆ: ಇದು ನೀರಿನ ದಾರಿ. ಈ ದಾರಿಯನ್ನೆಲ್ಲ ಕಾಯುತ್ತಿದ್ದವನು ಒಬ್ಬ ನೀರಗಂಟಿ. ಕಡತದಲ್ಲಿ ಆತ ‘ಪಂಪ್ ಆಪರೇಟರ್, ದಿನಗೂಲಿ’. ಯಾವ ವಾಲ್ವ್ ತಿರುಗಿಸಿದರೆ ಯಾವ ಬ್ಲಾಕಿಗೆ ನೀರು ಹೋಗುತ್ತದೆ ಎಂಬ ನಕ್ಷೆ ನಮ್ಮ ಕಚೇರಿಯಲ್ಲಿ ಇರಲಿಲ್ಲ, ಅವನ ತಲೆಯಲ್ಲಿತ್ತು. ಅವನು ಊರಹಬ್ಬಕ್ಕೆ ರಜೆ ಹಾಕಿದರೆ ಮೂರು ಹಾಸ್ಟೆಲ್ಲುಗಳಲ್ಲಿ ಸ್ನಾನವಿಲ್ಲ.

ಸೋರಿಕೆ ಪತ್ತೆ ಮಾಡಲು ದುಬಾರಿ ಯಂತ್ರ ಬೇಡ ಎಂದು ನನಗೆ ತೋರಿಸಿಕೊಟ್ಟವನೂ ಅವನೇ. ರಾತ್ರಿ ಒಂದು ಗಂಟೆಗೆ ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸಿ ಮಟ್ಟ ಅಳೆಯುವುದು, ನಾಲ್ಕಕ್ಕೆ ಮತ್ತೆ ಅಳೆಯುವುದು. ಆ ಹೊತ್ತಿನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಇಳಿದ ನೀರೆಲ್ಲ ಹೆಚ್ಚುಕಡಿಮೆ ಸೋರಿಕೆಯ ಬಾಬ್ತು. ಹುಡುಗಿಯರ ಹಾಸ್ಟೆಲ್ಲಿನ ಟ್ಯಾಂಕು ಐದು ಮೀಟರು ಉದ್ದ, ಐದು ಮೀಟರು ಅಗಲದ್ದು. ಮೂರು ಗಂಟೆಯಲ್ಲಿ 12 ಸೆಂಟಿಮೀಟರು ಇಳಿದಿತ್ತು. ಅಂದರೆ 3,000 ಲೀಟರು. ಗಂಟೆಗೆ ಸಾವಿರ, ದಿನಕ್ಕೆ 24,000. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂಬುದು ಸರ್ಕಾರಿ ಅಳತೆ. ಆ ಅಳತೆಯಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನರ ನೀರು ಯಾರ ಮೈಗೂ ಬೀಳದೆ ಮೋರಿ ಸೇರುತ್ತಿತ್ತು.

“ಮೇಡಮ್ಮೋರೇ, ಇದು ಪೈಪಿನ ತೂತಲ್ಲ, ಫ್ಲಶ್ಶಿಂದು” ಎಂದ ಅವನು. ಹೋಗಿ ನೋಡಿದರೆ ಶೌಚಾಲಯದ ಫ್ಲಶ್ ಟ್ಯಾಂಕುಗಳೊಳಗಿನ ರಬ್ಬರ್ ವಾಷರುಗಳು ಸವೆದು, ಸದ್ದಿಲ್ಲದೆ ನೀರು ಜಾರುತ್ತಿತ್ತು. ತೊಟ್ಟಿಕ್ಕುವ ನಲ್ಲಿಯ ಸದ್ದು ಕೇಳಿಸುತ್ತದೆ, ಯಾರಾದರೂ ದೂರು ಕೊಡುತ್ತಾರೆ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ಇಪ್ಪತ್ತು ಲೀಟರಿನ ಆಸುಪಾಸು ಹೋಗುತ್ತದೆ. ಫ್ಲಶ್ಶಿನ ಸೋರಿಕೆ ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಟ್ಯಾಂಕಿನಲ್ಲಿ ಸ್ವಲ್ಪ ನೀಲಿ ಶಾಯಿ ಕದಡಿ ಹತ್ತು ನಿಮಿಷ ಬಿಟ್ಟು ನೋಡಿ. ಕೆಳಗಿನ ಬೇಸಿನ್ನಿನಲ್ಲಿ ಬಣ್ಣ ಇಳಿದಿದ್ದರೆ ವಾಷರು ಹೋಗಿದೆ. ಇದನ್ನು ನಿಮ್ಮ ಮನೆಯಲ್ಲೂ ಮಾಡಬಹುದು.

ಇನ್ನು ಆ ನೀರನ್ನು ಮೇಲೆತ್ತಿದ ಕರೆಂಟಿನ ಲೆಕ್ಕ. ಸಾವಿರ ಲೀಟರು ನೀರನ್ನು 200 ಮೀಟರು ಆಳದಿಂದ ಎತ್ತಲು ಶಾಸ್ತ್ರದ ಪ್ರಕಾರ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಸಾಕು. ನೂರಕ್ಕೆ ನಲವತ್ತರಷ್ಟು ದಕ್ಷತೆಯಿರುವ ಹಳೆಯ ಸಬ್‌ಮರ್ಸಿಬಲ್ ಪಂಪಿನಲ್ಲಿ ಅದು 1.3 ಯೂನಿಟ್ ದಾಟುತ್ತದೆ. 24,000 ಲೀಟರಿಗೆ ದಿನಕ್ಕೆ ಮೂವತ್ತಕ್ಕೂ ಮಿಕ್ಕಿ ಯೂನಿಟ್. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಹಾಗಾಗಿ ಆ ಸವೆದ ವಾಷರುಗಳು ದಿನಕ್ಕೆ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಹೊಗೆಯ ಬಾಬ್ತು. ಬಯಲುಸೀಮೆಯ ಕ್ಯಾಂಪಸ್ಸಿನಲ್ಲಿ ನೀರು ಉಳಿಸುವುದೂ ಕರೆಂಟು ಉಳಿಸುವುದೂ ಬೇರೆ ಬೇರೆ ಕೆಲಸಗಳಲ್ಲ.

ವಾಷರಿನ ಬೆಲೆ ಎಷ್ಟೆಂದು ಬರೆದರೆ ನಗುತ್ತೀರಿ. ಆದರೆ ಅದನ್ನು ಕೊಳ್ಳುವ ಹಣ ‘ಸಾದಿಲ್ವಾರು’ ಎಂಬ ಲೆಕ್ಕ ಶೀರ್ಷಿಕೆಯಿಂದ ಬರಬೇಕು. ಅದು ಡಿಸೆಂಬರಿನ ಹೊತ್ತಿಗೆ ಮುಗಿದಿರುತ್ತದೆ. ಹೊಸ ಹಾಸ್ಟೆಲ್ ಕಟ್ಟಲು ಕೋಟಿ ಕೋಟಿ ಅನುದಾನ ಇನ್ನೊಂದು ಶೀರ್ಷಿಕೆಯಲ್ಲಿ ಬಿದ್ದಿರುತ್ತದೆ, ಅದನ್ನು ಇದಕ್ಕೆ ತಿರುಗಿಸುವಂತಿಲ್ಲ. ನಮ್ಮ ಹಣಕಾಸು ಅಧಿಕಾರಿಗಳು ಕೆಟ್ಟವರಲ್ಲ, ನಿಯಮ ಹಾಗಿತ್ತು. ಪೆಟ್ಟಿಗೆಗಟ್ಟಲೆ ವಾಷರುಗಳನ್ನು ನಾವು ಕೊನೆಗೆ ಕೊಂಡದ್ದು ಹೊಸ ಕಟ್ಟಡದ ಅಂದಾಜು ಪಟ್ಟಿಯೊಳಗೆ ಒಂದು ಸಾಲಾಗಿ ಸೇರಿಸಿ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಉಪಾಯ ಹೊಸದೇನಲ್ಲ.

ಸೋರಿಕೆ ಕಣ್ಣಿಗೆ ಕಾಣದ ಖರ್ಚಾದರೆ, ಲಾನು ಎಲ್ಲರ ಕಣ್ಣೆದುರಿನ ಖರ್ಚು. ಆಡಳಿತ ಕಟ್ಟಡದ ಮುಂದೆ ಒಂದು ಎಕರೆ ಹುಲ್ಲುಹಾಸು ಇಲ್ಲದಿದ್ದರೆ ವಿಶ್ವವಿದ್ಯಾಲಯದ ಘನತೆಗೆ ಕುಂದು ಎಂದು ಯಾರು ಕಲಿಸಿದರೋ! ಬೇಸಿಗೆಯಲ್ಲಿ ಹುಲ್ಲಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರು ಎಂದರೂ ಎಕರೆಗೆ ಇಪ್ಪತ್ತು ಸಾವಿರ ಲೀಟರು ಬೇಕು. ನೂರೈವತ್ತು ಜನರಿಗೆ ಸಾಕಾಗುವ ನೀರದು. ಸಂಸ್ಕರಿಸಿದ ಕೊಳಚೆ ನೀರನ್ನು ಬಿಡಬಹುದು, ಬಿಡಲೇಬೇಕು. ಆದರೆ ಸಂಸ್ಕರಣಾ ಘಟಕ ಕಟ್ಟಿದರೆ ಸಾಲದು, ಅದರ ಬ್ಲೋವರು ಹಗಲೂ ರಾತ್ರಿ ಓಡಬೇಕು. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯಿಲ್ಲದೆ ಬದುಕುವುದಿಲ್ಲ. ಕರೆಂಟು ಉಳಿಸೋಣವೆಂದು ರಾತ್ರಿ ಬ್ಲೋವರು ನಿಲ್ಲಿಸಿ, ಬೆಳಿಗ್ಗೆ ‘ಘಟಕ ವಾಸನೆ ಹೊಡೆಯುತ್ತಿದೆ’ ಎಂದು ನಮಗೆ ಪತ್ರ ಬರೆದ ಮಹನೀಯರೂ ಇದ್ದರು.

ಮಳೆಯ ಕಥೆ ಇದಕ್ಕಿಂತ ದೊಡ್ಡದು. 300 ಎಕರೆಯ ಕ್ಯಾಂಪಸ್ಸು, ವರ್ಷಕ್ಕೆ 800 ಮಿ.ಮೀ. ಮಳೆ ಎಂದು ಇಟ್ಟುಕೊಳ್ಳಿ. ಆ ನೆಲದ ಮೇಲೆ ಬೀಳುವುದು ಸುಮಾರು 97 ಕೋಟಿ ಲೀಟರು. ಐದು ಸಾವಿರ ಜನ ಅಲ್ಲೇ ವಾಸವಾಗಿದ್ದರೂ ಅವರಿಗೆ ವರ್ಷಕ್ಕೆ ಬೇಕಾದದ್ದು 25 ಕೋಟಿ ಲೀಟರು. ಬಿದ್ದದ್ದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಮರ ಕುಡಿಯುತ್ತವೆ, ಹರಿದು ಹೋಗುತ್ತದೆ. ಆದರೂ ಒಂದು ಲಕ್ಷ ಚದರಡಿ ತಾರಸಿಯೊಂದರಿಂದಲೇ ವರ್ಷಕ್ಕೆ ಅರವತ್ತು ಲಕ್ಷ ಲೀಟರಿಗೂ ಹೆಚ್ಚು ಹಿಡಿಯಬಹುದು. ಬೆಂಗಳೂರಿನಲ್ಲಿ ಜಲಮಂಡಳಿ 2009ರಲ್ಲಿ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲೇ, 1995ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ ಮಳೆನೀರನ್ನೇ ನಂಬಿ ಮನೆ ಕಟ್ಟಿ ತೋರಿಸಿದ್ದರು. ತಂತ್ರ ಗೊತ್ತಿಲ್ಲದೆ ನಾವು ಸೋತದ್ದಲ್ಲ. ಇಂಗುಗುಂಡಿ ತೋಡಿದ ವರ್ಷ ನೀರು ಇಂಗುತ್ತದೆ. ಎರಡನೆಯ ವರ್ಷ ಹೂಳು ತುಂಬುತ್ತದೆ. ಮುಂಗಾರಿಗೆ ಮೊದಲು, ಏಪ್ರಿಲ್ಲಿನಲ್ಲೇ ಜಲ್ಲಿ ಹೊರತೆಗೆದು ತೊಳೆದು ಹಾಕದಿದ್ದರೆ ಮೂರನೆಯ ವರ್ಷ ಅದು ಸೊಳ್ಳೆಯ ತೊಟ್ಟಿ. ತೋಡಲು ಯೋಜನೆ ಇರುತ್ತದೆ, ಉದ್ಘಾಟನೆ ಇರುತ್ತದೆ. ಜಲ್ಲಿ ತೊಳೆಯುವುದಕ್ಕೆ ಎರಡೂ ಇಲ್ಲ.

ನಿವೃತ್ತಿಯ ಮೇಲೆ ಮೈಸೂರಿನಲ್ಲಿ ನೆಲೆಸಿದ್ದೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ನೂರಾರು ಜನರಲ್ಲಿ ನಾನೂ ಒಬ್ಬಳು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ, ಕೆಳಗಿನ ಗದ್ದೆಗಳಿಗೆ ನೀರುಣಿಸುತ್ತಿದ್ದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾಲಯದ ಉಸ್ತುವಾರಿಯಲ್ಲಿದೆ. 1960ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ಇದರ ಮಗ್ಗುಲಲ್ಲೇ ಮಾನಸಗಂಗೋತ್ರಿ ಎದ್ದಿತು. ಕೆರೆಯನ್ನೇ ನೋಡಿಕೊಳ್ಳಬೇಕಾದ ವಿಶ್ವವಿದ್ಯಾಲಯ ನಮ್ಮಲ್ಲಿ ಅಪರೂಪ. ಆದರೆ ಕೆರೆಗೆ ನೀರು ಬರುವುದು ಬೇಲಿಯ ಹೊರಗಿನಿಂದ. ಕಾವೇರಿ ನೀರನ್ನು ಮೈಸೂರಿಗೆ ತರಲು ದಿವಾನ್ ಪೂರ್ಣಯ್ಯ ತೋಡಿಸಿದ, ಅಂದುಕೊಂಡ ಕೆಲಸ ಆಗದೇ ಉಳಿದ ಕಾಲುವೆ ಮುಂದೆ ಮಳೆನೀರು ತರುವ ನಾಲೆಯಾಯಿತು. ಬಡಾವಣೆಗಳು ಬೆಳೆದಂತೆ ಅದು ಅಲ್ಲಲ್ಲಿ ಮುಚ್ಚಿಹೋಯಿತು, ಮಳೆನೀರಿನ ಜಾಗದಲ್ಲಿ ಚರಂಡಿ ನೀರು ಬಂದ ಕಾಲವೂ ಇತ್ತು. ಒಳಗೆ ಎಷ್ಟೇ ಸಸಿ ನೆಟ್ಟರೂ ಮೇಲಿನ ಊರು ನಾಲೆ ಮುಚ್ಚಿದರೆ ಕೆರೆಗೆ ಉಸಿರಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇನ್ನೂ ಬರುತ್ತಿವೆ ಎಂಬುದೇ ಸಮಾಧಾನ.

ನೀರಿನ ಮಾತು ಉದ್ದವಾಯಿತು. ಮುಸುರೆಯ ಮಾತೂ ಅಷ್ಟೇ ಉದ್ದ ಆದೀತು.

ನಮ್ಮ ಹಾಸ್ಟೆಲ್ಲುಗಳ ಮೆಸ್ಸು ‘ಡಿವೈಡಿಂಗ್ ಸಿಸ್ಟಮ್’ನಲ್ಲಿ ನಡೆಯುತ್ತದೆ. ತಿಂಗಳ ಒಟ್ಟು ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುವುದು. ಅಂದರೆ ತಟ್ಟೆಯಲ್ಲಿ ಬಿಟ್ಟ ಅನ್ನದ ಬಿಲ್ಲು ಬಿಟ್ಟವರ ಮೇಲೆಯೇ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರಿಗೂ ಅನ್ನಿಸುವುದಿಲ್ಲ. ನಮ್ಮ ವಾರ್ಡನ್ ಒಬ್ಬರು, ಅರ್ಥಶಾಸ್ತ್ರದ ಮೇಷ್ಟರು, ಒಂದು ಉಪಾಯ ಮಾಡಿದರು. ತಟ್ಟೆ ತೊಳೆಯುವ ಕಡೆ ಒಂದು ತೂಕದ ಯಂತ್ರ, ಪಕ್ಕದಲ್ಲಿ ಒಂದು ಕಪ್ಪು ಹಲಗೆ. ‘ನಿನ್ನೆಯ ಮುಸುರೆ ಇಷ್ಟು ಕೆ.ಜಿ., ಬೆಲೆ ಇಷ್ಟು ರೂಪಾಯಿ.’ ಬುದ್ಧಿವಾದದ ಒಂದು ಮಾತೂ ಇಲ್ಲ. ಮೊದಲ ವಾರ ಹುಡುಗರು ನಕ್ಕರು. ಆಮೇಲೆ ಯಾವ ದಿನ ಮುಸುರೆ ಹೆಚ್ಚು ಎಂಬ ಚರ್ಚೆ ಶುರುವಾಯಿತು. ಇಡ್ಲಿಯ ದಿನ ಕಡಿಮೆ, ಉಪ್ಪಿಟ್ಟಿನ ದಿನ ಬಕೆಟ್ಟು ಉಕ್ಕಿ ಹರಿಯುತ್ತಿತ್ತು. (ಉಪ್ಪಿಟ್ಟಿನ ಅಭಿಮಾನಿಗಳು ಕ್ಷಮಿಸಬೇಕು. ನಾನೂ ನಿಮ್ಮ ಪಕ್ಷವೇ, ಆದರೆ ತಕ್ಕಡಿ ಹೇಳಿದ್ದನ್ನು ಹೇಳುತ್ತಿದ್ದೇನೆ.) ಭಟ್ಟರು ಉಪ್ಪಿಟ್ಟಿನ ಅಳತೆ ಇಳಿಸಿದರು. ರಾತ್ರಿ ಊಟಕ್ಕೆ ಬರದವರು ಸಂಜೆಯೊಳಗೆ ಹೆಸರು ಬರೆಸಬೇಕೆಂದಾಯಿತು. ಬಡಿಸುವವರು ಸೌಟು ಸಣ್ಣದು ಮಾಡಿ, ಎರಡನೆಯ ಸಲ ಕೇಳಿದರೆ ಧಾರಾಳವಾಗಿ ಹಾಕಿದರು. ಮೆಸ್ ಬಿಲ್ಲು ಇಳಿದದ್ದನ್ನು ಕಂಡು ಪಕ್ಕದ ಹಾಸ್ಟೆಲ್ಲಿನವರೂ ತಕ್ಕಡಿ ಕೇಳಿದರು.

ಉಳಿದ ಮುಸುರೆಗೆ ಗೋಬರ್ ಗ್ಯಾಸಿನಂಥದೇ ಅನಿಲ ಘಟಕವಿದೆ. ನೂರು ಕೆ.ಜಿ. ಅಡುಗೆ ಕಸ ಹತ್ತು ಘನಮೀಟರಿನಷ್ಟು ಅನಿಲ ಕೊಡಬಲ್ಲದು. ಅದು ನಾಲ್ಕೂವರೆ ಕೆ.ಜಿ. ಎಲ್‌ಪಿಜಿಗೆ ಸಮ. ನಾಲ್ಕು ದಿನಕ್ಕೆ ಹೋಟೆಲಿನವರು ಬಳಸುವ 19 ಕೆ.ಜಿ.ಯ ಒಂದು ಸಿಲಿಂಡರು ಉಳಿಯುತ್ತದೆ ಅನ್ನಿ. ಆದರೆ ಈ ಘಟಕಗಳು ಕೆಡುವುದು ಹೇಗೆಂದು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಚಿತ್ರಾನ್ನದ ದಿನ ಬುಟ್ಟಿಗಟ್ಟಲೆ ನಿಂಬೆ ಸಿಪ್ಪೆ ಒಳಗೆ ಬೀಳುತ್ತದೆ. ಹುಳಿ ಏರಿ ಅನಿಲ ನಿಲ್ಲುತ್ತದೆ. ಪಾತ್ರೆ ತೊಳೆದ ಸೋಪಿನ ನೀರು ಬಿದ್ದರೂ ಅದೇ ಗತಿ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದರೆ ಘಟಕಕ್ಕೆ ತಿಂಗಳುಗಟ್ಟಲೆ ಉಪವಾಸ. ಮತ್ತೆ ಸಗಣಿ ನೀರು ಹಾಕಿ ಎಬ್ಬಿಸಬೇಕು. ಇದನ್ನೆಲ್ಲ ಬಲ್ಲ ಒಬ್ಬ ಕೆಲಸದಾಕೆ ಇದ್ದರೆ ಘಟಕ ಬದುಕುತ್ತದೆ. ಆಕೆಯನ್ನು ಹೊರಗುತ್ತಿಗೆಯವರು ಆರು ತಿಂಗಳಿಗೊಮ್ಮೆ ಬದಲಾಯಿಸಿದರೆ ತುಕ್ಕು ಹಿಡಿಯುತ್ತದೆ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವ ಸಂಸ್ಥೆಗಳನ್ನು ಭಾರಿ ಉತ್ಪಾದಕರೆಂದು ಗುರುತಿಸಿ, ಹಸಿಕಸವನ್ನು ಆದಷ್ಟು ಆವರಣದೊಳಗೇ ಕರಗಿಸಬೇಕೆಂದವು. ಎರಡು ಮೂರು ದೊಡ್ಡ ಹಾಸ್ಟೆಲ್ಲಿದ್ದ ಮೇಲೆ ಆ ಅಳತೆ ದಾಟದ ಕ್ಯಾಂಪಸ್ಸು ಇರಲಾರದು.

ಕರೆಂಟಿನ ವಿಷಯದಲ್ಲಿ ಎಲ್ಲರೂ ಸೌರಫಲಕದ ಕಡೆ ನೋಡುತ್ತಾರೆ. ನಾನು ಫ್ಯಾನಿನ ಕಡೆ ನೋಡಿ ಎನ್ನುತ್ತೇನೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು, ಬಿಎಲ್‌ಡಿಸಿ ಮೋಟರಿನ ಹೊಸ ಫ್ಯಾನು 30 ವ್ಯಾಟಿನ ಆಸುಪಾಸು. ಕ್ಯಾಂಪಸ್ಸಿನಲ್ಲಿ ಎರಡು ಸಾವಿರ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ದಿನವೊಂದಕ್ಕೆ 900 ಯೂನಿಟ್ ವ್ಯತ್ಯಾಸ. ತಾರಸಿಯ ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಕೊಡುವುದು ಸರಾಸರಿ ನಾಲ್ಕು ಯೂನಿಟ್. 900 ಯೂನಿಟ್ ಬೇಕಾದರೆ 225 ಕಿಲೋವ್ಯಾಟಿನ ಫಲಕ ಹಾಸಬೇಕು, ಅದರ ಧೂಳನ್ನೂ ಪಾರಿವಾಳದ ಹಿಕ್ಕೆಯನ್ನೂ ತೊಳೆಯಬೇಕು. ಫಲಕ ಬೇಡವೆಂದಲ್ಲ, ಮೊದಲು ಫ್ಯಾನು. ಹಾಗಾದರೆ ಯಾಕೆ ಕೊಳ್ಳುವುದಿಲ್ಲ? 1999ರ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರು ಕರೆಯುತ್ತೇವೆ, ಕಡಿಮೆ ದರ ಹೇಳಿದವರಿಗೆ ಆದೇಶ ಹೋಗುತ್ತದೆ. ಫ್ಯಾನು ಕೊಳ್ಳುವ ಹಣ ಒಂದು ಶೀರ್ಷಿಕೆ, ಕರೆಂಟು ಬಿಲ್ಲು ಇನ್ನೊಂದು. ಅಲ್ಲಿ ಉಳಿಸಿದ್ದು ಇಲ್ಲಿ ಸೋರುವುದು ಯಾವ ಆಡಿಟ್ಟಿನಲ್ಲೂ ಕಾಣುವುದಿಲ್ಲ. ಇದಕ್ಕೆ ಕಾನೂನು ಬದಲಿಸಬೇಕಿಲ್ಲ. ಟೆಂಡರಿನ ತಾಂತ್ರಿಕ ವಿವರದಲ್ಲಿ ‘ಗರಿಷ್ಠ ಇಷ್ಟು ವ್ಯಾಟ್, ಇಷ್ಟು ಸ್ಟಾರ್’ ಎಂದು ಒಂದು ಸಾಲು ಬರೆದರೆ ಕಡಿಮೆ ದರದವರೂ ಒಳ್ಳೆಯ ಫ್ಯಾನನ್ನೇ ತರಬೇಕಾಗುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವೂ ಆಗಿರುವುದರಿಂದ ಆ ಸಾಲು ಬರೆಯುವುದು ಈಗ ಸುಲಭ.

ಕಟ್ಟಡದ ವಿಷಯದಲ್ಲಿ ನನ್ನದು ಒಂದೇ ತಕರಾರು: ಬಯಲುಸೀಮೆಯ ಬಿಸಿಲಿಗೆ ಮುಖಮಾಡಿ ಗಾಜಿನ ಗೋಡೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಷಿ ಕಟ್ಟಿದ ಐಐಎಂ ಇದೆ. ಒರಟು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ತೆರೆದ ಪಡಸಾಲೆಗಳು. ಅಲ್ಲಿ ಓಡಾಡುವವರಿಗೆ ಎಸಿ ಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ನಮ್ಮ ವಿಶ್ವವಿದ್ಯಾಲಯಗಳ ದರಪಟ್ಟಿಯಲ್ಲಿ ಆ ಇಟ್ಟಿಗೆಯನ್ನು ಹುಡುಕಿ ನೋಡಿ.

ಮರಗಳ ಬಗ್ಗೆ ಕಡಿಮೆ ಹೇಳುತ್ತೇನೆ, ಹೇಳುವವರು ಬಹಳ ಜನ ಇದ್ದಾರೆ. ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಆರಂಭಿಸಿದ ಮೇಲೆ ಸಸಿ ನೆಡುವುದು ನಮ್ಮಲ್ಲಿ ಹಬ್ಬವೇ ಆಗಿದೆ. ಜೂನಿನಲ್ಲಿ ನೆಟ್ಟ ಸಸಿ ಸಾಯುವುದು ಮಾರ್ಚಿನಲ್ಲಿ, ಆಗ ಫೋಟೋ ತೆಗೆಸಿಕೊಂಡವರು ಯಾರೂ ಇರುವುದಿಲ್ಲ. ಹೊಂಗೆ, ಬೇವು, ಹುಣಸೆ ಹಾಕಿದರೆ ಎರಡು ಬೇಸಿಗೆ ನೀರು ಕೊಟ್ಟರೆ ಸಾಕು, ಆಮೇಲೆ ಅವು ನಮ್ಮನ್ನು ಕೇಳುವುದಿಲ್ಲ. ಬಿದ್ದ ಎಲೆಗೆ ಬೆಂಕಿ ಇಡುವ ಬದಲು ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಗೊಬ್ಬರ. ಇನ್ನೊಂದು ಮಾತು: ಕ್ಯಾಂಪಸ್ಸಿನ ಕುರುಚಲು ಕಾಡು ಸರ್ಕಾರದ ಕಣ್ಣಿಗೆ ಯಾವಾಗಲೂ ‘ಖಾಲಿ ಜಾಗ’. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಜೈವಿಕ ವನ ಬೆಳೆಸಿ ನಗರಕ್ಕೆ ಒಂದು ಹಸಿರು ತುಣುಕು ಉಳಿಸಿಕೊಟ್ಟರು. ಹಾಗೆ ಬೆಳೆದ ಕಡೆಗೇ ಹೊಸ ಸಂಸ್ಥೆಗಳಿಗೆ ನಿವೇಶನ ಹುಡುಕುವವರ ಕಣ್ಣೂ ಬೀಳುತ್ತದೆ.

ನ್ಯಾಕ್ ಮೌಲ್ಯಮಾಪನದಲ್ಲಿ ಹಸಿರು ಆಡಿಟ್, ಇಂಧನ ಆಡಿಟ್, ಮಳೆಕೊಯ್ಲು, ಕಸದ ನಿರ್ವಹಣೆಗೆಲ್ಲ ಅಂಕ ಬಂದದ್ದು ಒಳ್ಳೆಯದೇ. ಪೀರ್ ಟೀಮ್ ಬರುವ ತಿಂಗಳಲ್ಲಿ ನಮಗೆ ಕೇಳಿದ್ದೆಲ್ಲ ಸಿಗುತ್ತಿತ್ತು: ಮೀಟರು, ಕಸದ ಬುಟ್ಟಿ, ಬಣ್ಣ, ಕೂಲಿಯಾಳು. ತಂಡ ಬಸ್ಸು ಹತ್ತಿದ ಮರುದಿನ ಮತ್ತೆ ಸಾದಿಲ್ವಾರು. ಆದ್ದರಿಂದ ಸಿಂಡಿಕೇಟ್ ಸದಸ್ಯರಿಗೂ ಕುಲಪತಿಗಳಿಗೂ ಈ ನಿವೃತ್ತೆಯ ಅಹವಾಲು: ಬಜೆಟ್ಟಿನಲ್ಲಿ ‘ನೀರು, ವಿದ್ಯುತ್, ಕಸ ನಿರ್ವಹಣೆ’ ಎಂಬ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯಿರಿ, ಅದರ ಹಣವನ್ನು ಬೇರೆಡೆಗೆ ತಿರುಗಿಸಬೇಡಿ. ಪ್ರತಿ ಕಟ್ಟಡಕ್ಕೂ ನೀರಿನ ಮೀಟರು ಹಾಕಿಸಿ, ತಿಂಗಳ ಲೆಕ್ಕವನ್ನು ಆ ಕಟ್ಟಡದ ಬಾಗಿಲಲ್ಲೇ ಅಂಟಿಸಿ. ನೀರಗಂಟಿಯನ್ನೂ ಅನಿಲ ಘಟಕ ನೋಡುವಾಕೆಯನ್ನೂ ಕಾಯಂ ಮಾಡಿ. ಓದುಗರಲ್ಲಿ ಯಾರಾದರೂ ಮಗನನ್ನೋ ಮಗಳನ್ನೋ ಹಾಸ್ಟೆಲ್ಲಿಗೆ ಬಿಡಲು ಹೋದಾಗ, ಕಟ್ಟಡದ ಅಂದ ನೋಡಿ ಮುಗಿದ ಮೇಲೆ, ತಾರಸಿಯ ಟ್ಯಾಂಕು ತುಂಬಿ ಹರಿಯುತ್ತಿದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡಿ. ಹರಿಯುತ್ತಿದ್ದರೆ ಕಚೇರಿಗೆ ಹೋಗಿ ಕೇಳಿ. ತಂದೆತಾಯಿ ಕೇಳಿದರೆ ಕಡತ ಬೇಗ ಅಲುಗಾಡುತ್ತದೆ.